ಅಶೋಕನ ಒಂಬತ್ತು ಗುಪ್ತ ಪುಸ್ತಕಗಳು ಮತ್ತು ಒಂದು ತಂಬಿಗೆ ನೀರು



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ, ಈ ವಾರ ನಮ್ಮ ಬಳಗದ ಮೂರು ಜನ ನನಗೆ ಒಂದೇ ಮೆಸೇಜ್ ಕಳಿಸಿ, "ಸರ್, ಇದು ನಿಜಾನಾ?" ಎಂದು ಕೇಳಿದ್ದಾರೆ. ನೀವೂ ನೋಡಿರುತ್ತೀರಿ. ಕಳಿಂಗ ಯುದ್ಧವಾದ ಮೇಲೆ ಸಾಮ್ರಾಟ ಅಶೋಕ ಒಂಬತ್ತು ಜನ ಜ್ಞಾನಿಗಳ ಗುಪ್ತ ಸಂಘ ಕಟ್ಟಿದನಂತೆ. ಪಾಟಲಿಪುತ್ರದಲ್ಲಿ ಯಾರಿಗೂ ಕಾಣದ ಗ್ರಂಥಾಲಯವಂತೆ. ಅಲ್ಲಿ ಒಂಬತ್ತು ಪುಸ್ತಕ: ಗುರುತ್ವವನ್ನು ಗೆಲ್ಲುವುದು, ಮುಟ್ಟಿ ಕೊಲ್ಲುವುದು, ಲೋಹವನ್ನು ಚಿನ್ನ ಮಾಡುವುದು, ಬೆಳಕು, ಸೂಕ್ಷ್ಮಜೀವಿ, ಜನರ ಮನಸ್ಸನ್ನು ತಿರುಗಿಸುವುದು, ಹೀಗೆ. ಒಬ್ಬ ಸತ್ತರೆ ಅವನ ಜಾಗಕ್ಕೆ ಇನ್ನೊಬ್ಬ. ಎರಡು ಸಾವಿರ ವರ್ಷದಿಂದ ಇಂದಿನವರೆಗೂ ಆ ಒಂಬತ್ತು ಜನ ನಮ್ಮ ನಡುವೆಯೇ ಇದ್ದಾರಂತೆ! ಕೊನೆಗೆ, "ನಮ್ಮ ಬೌದ್ಧ ಪರಂಪರೆಯ ಈ ಸತ್ಯವನ್ನು ಎಲ್ಲರಿಗೂ ತಲುಪಿಸಿ."

ಉತ್ತರ ಹೇಳುವ ಮೊದಲು ಒಂದು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಇದೇ ಮೆಸೇಜನ್ನು ಇದೇ ಗುಂಪಿಗೆ ಹಾಕಿದವನು ನಾನು. ಓದಿ ಎದೆ ಉಬ್ಬಿತ್ತು. ಮರುದಿನ ಒಂಬತ್ತನೇ ತರಗತಿಯಲ್ಲೂ ಹೇಳಿದೆ. ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ನಮ್ಮದೇ ಕೇರಿಯ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು ಕೇಳಿದಳು: "ಸಾರ್, ಅಷ್ಟೆಲ್ಲ ವಿದ್ಯೆ ಆ ಒಂಬತ್ತು ಜನರ ಹತ್ರಾನೇ ಇತ್ತಲ್ಲ, ನಮ್ಮಜ್ಜಂದಿರಿಗೆ ಅಕ್ಷರ ಕೊಡದೇ ಇದ್ದಾಗ ಅವರು ಯಾಕೆ ಸುಮ್ನಿದ್ರು?"

ನನಗೆ ಉತ್ತರ ಹೊಳೆಯಲಿಲ್ಲ. ಬೆಲ್ ಹೊಡೆಯಿತು, ಬಚಾವಾದೆ. ಆದರೆ ಆ ಪ್ರಶ್ನೆ ಮನೆಗೂ ಬಂತು, ರಾತ್ರಿ ಊಟಕ್ಕೂ ಕೂತಿತು. ಅದರ ಬೆನ್ನು ಹತ್ತಿ ಓದಿದ್ದನ್ನು ಇಂದು ಬರೆಯುತ್ತಿದ್ದೇನೆ. ತಡವಾಗಿದೆ, ಕ್ಷಮಿಸಿ.

ಮೊದಲು ಆ ಕತೆಯ ಹುಟ್ಟೂರು ನೋಡೋಣ. ಅಶೋಕನ ಯಾವ ಶಾಸನದಲ್ಲೂ ಈ ಗುಪ್ತ ಸಂಘವಿಲ್ಲ. ಮಹಾವಂಸದಲ್ಲಿಲ್ಲ, ಅಶೋಕಾವದಾನದಲ್ಲೂ ಇಲ್ಲ. ಕತೆಯನ್ನು ಹಬ್ಬಿಸಿದ್ದು ಟಾಲ್ಬಟ್ ಮಂಡಿ ಎಂಬ ಇಂಗ್ಲಿಷ್ ಸಾಹಸ ಕಾದಂಬರಿಕಾರ. 1923ರಲ್ಲಿ ಬಂದ ಅವನ ಕಾದಂಬರಿಯ ಹೆಸರೇ 'ದ ನೈನ್ ಅನ್‌ನೋನ್'. ಮಂಡಿ ಥಿಯಾಸಫಿಯ ಸೆಳೆತಕ್ಕೆ ಸಿಕ್ಕವನು. ಗುಪ್ತ ಗುರುಗಳು, ಕಾಣೆಯಾದ ಚಿನ್ನ, ನಿಗೂಢ ಭಾರತ, ಇವು ಅವನ ಸರಕು. ಆಮೇಲೆ 1960ರಲ್ಲಿ ಲೂಯಿ ಪೋವೆಲ್ ಮತ್ತು ಜಾಕ್ ಬರ್ಜಿಯೆ ಎಂಬ ಇಬ್ಬರು ಫ್ರೆಂಚರು ತಮ್ಮದೊಂದು ಪುಸ್ತಕದಲ್ಲಿ ಈ ಕತೆಯನ್ನು ನಿಜವೆಂಬಂತೆ ಬರೆದರು. ಜಪಾನಿನ ಜೂಡೋ ಕೂಡ ಈ ಪುಸ್ತಕಗಳಿಂದ ಸೋರಿಹೋದ ವಿದ್ಯೆ ಎನ್ನುವುದೆಲ್ಲ ಆ ದಾರಿಯಿಂದ ಬಂದದ್ದು. ಅಂದರೆ ನಮ್ಮ "ಎರಡು ಸಾವಿರ ವರ್ಷದ ಪರಂಪರೆ"ಗೆ ಇನ್ನೂ ಸರಿಯಾಗಿ ನೂರು ವರ್ಷ ದಾಟಿದೆ ಅಷ್ಟೆ.

ಹಾಗಾದರೆ ಅಶೋಕನಿಗೂ ಒಂಬತ್ತಕ್ಕೂ ಸಂಬಂಧವೇ ಇಲ್ಲವೇ? ಇದೆ, ಸ್ವಾರಸ್ಯ ಇರುವುದೇ ಇಲ್ಲಿ. ಮಹಾವಂಸದ ಪ್ರಕಾರ ಪಾಟಲಿಪುತ್ರದಲ್ಲಿ ಮೂರನೇ ಸಂಗೀತಿ ಮುಗಿದ ಮೇಲೆ ಮೊಗ್ಗಲಿಪುತ್ತ ತಿಸ್ಸ ಥೇರರು ಒಂಬತ್ತು ನಾಡುಗಳಿಗೆ ಭಿಕ್ಖುಗಳನ್ನು ಕಳಿಸಿದರು. ಕಾಶ್ಮೀರ-ಗಂಧಾರಕ್ಕೆ ಮಜ್ಝಂತಿಕ, ಹಿಮವಂತಕ್ಕೆ ಮಜ್ಝಿಮ, ಲಂಕೆಗೆ ಮಹಿಂದ, ಸುವರ್ಣಭೂಮಿಗೆ ಸೋಣ ಮತ್ತು ಉತ್ತರ. ನಮಗೆ ಹತ್ತಿರದ ಎರಡು ಹೆಸರಿವೆ: ವನವಾಸಿಗೆ ರಕ್ಖಿತ, ಮಹಿಸಮಂಡಲಕ್ಕೆ ಮಹಾದೇವ. ವನವಾಸಿ ಎಂದರೆ ನಮ್ಮ ಬನವಾಸಿ. ಮಹಿಸಮಂಡಲ ಮೈಸೂರು ಸೀಮೆ ಎಂದು ಹಲವು ವಿದ್ವಾಂಸರು, ಅಲ್ಲ ಎನ್ನುವವರೂ ಇದ್ದಾರೆ. ಇದೂ ಬರೀ ಪುರಾಣ ಎನ್ನುವಂತಿಲ್ಲ. 1851ರಲ್ಲಿ ಕನ್ನಿಂಗ್‌ಹ್ಯಾಮ್ ಸಾಂಚಿಯಲ್ಲಿ, ಹತ್ತಿರದ ಸೋನಾರಿಯಲ್ಲಿ ಸ್ತೂಪಗಳನ್ನು ತೆರೆಸಿದಾಗ ಹಿಮವಂತಕ್ಕೆ ಹೋದ ಥೇರರ ಹೆಸರು ಕೆತ್ತಿದ ಧಾತು ಕರಂಡಗಳು ಸಿಕ್ಕವು.

ಕಾದಂಬರಿಕಾರನ ಒಂಬತ್ತು ಜನ ಬಾಗಿಲು ಹಾಕಿಕೊಂಡು ಕೂತರು. ಮಹಾವಂಸದ ಒಂಬತ್ತು ತಂಡಗಳು ಗುರುತಿಲ್ಲದ ಊರಿಗೆ, ಗೊತ್ತಿಲ್ಲದ ಭಾಷೆಯ ಜನರ ನಡುವೆ ನಡೆದುಹೋದವು. ನನ್ನ ಹುಡುಗಿಗೆ ಅಂದು ಹೇಳಬೇಕಾಗಿದ್ದದ್ದು ಇದು.

ಇನ್ನು ಅಶೋಕನ ಗ್ರಂಥಾಲಯ. ಅದು ಇತ್ತು, ಈಗಲೂ ಇದೆ. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ನಮ್ಮ ರಾಜ್ಯದಲ್ಲೇ ಅದರ ಎಷ್ಟೊಂದು ಪುಟಗಳು! ರಾಯಚೂರು ಜಿಲ್ಲೆಯ ಮಸ್ಕಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಸನ್ನತಿ. ಬಯಲ ಬಂಡೆಯ ಮೇಲೆ, ಗುಡ್ಡದ ಮೇಲೆ, ಯಾರು ಬೇಕಾದರೂ ಹೋಗಿ ನಿಲ್ಲುವ ಜಾಗದಲ್ಲಿ.

ಮಸ್ಕಿಯ ಬಂಡೆಯನ್ನು 1915ರಲ್ಲಿ ಗುರುತಿಸಿದವನು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಶಾಸನಗಳ 'ದೇವಾನಂಪಿಯ' ಎಂಬ ರಾಜ ಅಶೋಕನೇ ಎಂದು ಹೆಸರಿನ ಸಮೇತ ಹೇಳಿದ ಬಂಡೆ ಅದು. ಪಠ್ಯಪುಸ್ತಕ ಇಷ್ಟು ಹೇಳಿ ನಿಲ್ಲಿಸುತ್ತದೆ, ನಾನೂ ವರ್ಷಾನುಗಟ್ಟಲೆ ಇಷ್ಟೇ ಪಾಠ ಮಾಡಿದೆ. ಆ ಬಂಡೆ ಹೇಳುವುದೇನು? ಧಮ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಧಮ್ಮದಲ್ಲಿ ತೊಡಗಿದ ಸಣ್ಣವನಿಗೂ ಅದು ಸಿಗುತ್ತದೆ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಇಬ್ಬರಿಗೂ ಹೇಳಬೇಕು ಎಂಬ ಅರ್ಥ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ, ನಮ್ಮ ರಾಯಚೂರಿನ ಬಿಸಿಲಲ್ಲಿ, ರಾಜನೊಬ್ಬ ಇದನ್ನು ಕಲ್ಲಿಗೆ ಹಾಕಿಸಿದ. ಗುರುತ್ವ ಗೆಲ್ಲುವ ಪುಸ್ತಕ ಇದಕ್ಕಿಂತ ದೊಡ್ಡದೇ?

ಸನ್ನತಿಯಲ್ಲಿ ಸಿಕ್ಕ ಕಲ್ಲಿನ ಕತೆ ಇನ್ನೂ ವಿಚಿತ್ರ. ಚಂದ್ರಲಾಂಬ ಗುಡಿಯ ಆವರಣದ ಕಾಳಿ ಗುಡಿ 1986ರಲ್ಲಿ ಕುಸಿಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಅಕ್ಷರಗಳು ಕಂಡವು. ಅದರಲ್ಲಿ ಕಳಿಂಗದ ಪ್ರತ್ಯೇಕ ಶಾಸನಗಳೂ ಇವೆ. ಆ ಶಾಸನಗಳು ಅಧಿಕಾರಿಗಳಿಗೆ ಹೇಳುತ್ತವೆ: ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ನಡುನಡುವೆಯೂ ಕೇಳಿಸಬಹುದು, ಕೇಳುವವನು ಒಬ್ಬನೇ ಇದ್ದರೂ ಸರಿ. ಓದಲು ಬಾರದವರು ಇರುತ್ತಾರೆ ಎಂದು ಅಶೋಕನಿಗೆ ಗೊತ್ತಿತ್ತು. ಅದಕ್ಕೇ 'ಬರೆಯಿರಿ' ಎಂದು ಬಿಡಲಿಲ್ಲ, 'ಕೇಳಿಸಿ' ಎಂದ.

ಇಲ್ಲಿ ನನಗೆ ನಮ್ಮಪ್ಪ ನೆನಪಾಗುತ್ತಾರೆ. ಅವರು ಶಾಲೆಯ ಮುಖ ಕಂಡದ್ದು ಎರಡು ವರ್ಷ. ಊರ ಚಾವಡಿಯಲ್ಲಿ ಮಳೆಗಾಲದಲ್ಲಿ ಭಾರತ ಓದಿಸುತ್ತಿದ್ದರು. ನಮ್ಮವರಿಗೆ ಕಟ್ಟೆ ಹತ್ತುವ ಹಾಗಿರಲಿಲ್ಲ. ಅಪ್ಪ ಆಚೆ ಬೇಲಿಯ ಹತ್ತಿರ ಗೋಣಿತಾಟು ಹೊದ್ದು ನಿಂತು ಕೇಳುತ್ತಿದ್ದರಂತೆ. ಗಾಳಿ ಆ ಕಡೆ ಬೀಸಿದರೆ ಪದ್ಯ ಅರ್ಧಕ್ಕೇ ಹೋಗಿಬಿಡುತ್ತಿತ್ತು. ಮುಂದೆ ನಾನು ಕನ್ನಡ ಎಂ.ಎ. ಓದುವಾಗ, ಹಾಗೆ ಗಾಳಿಗೆ ಹೋದ ಸಾಲುಗಳನ್ನು ಅಪ್ಪ ನನ್ನಿಂದ ಓದಿಸಿ ಕೇಳಿದರು. ಗುಪ್ತ ಗ್ರಂಥಾಲಯ ಅಂದರೆ ಏನು ಎಂದು ತಿಳಿಯಲು ನಮಗೆ ಇಂಗ್ಲಿಷ್ ಕಾದಂಬರಿ ಬೇಕಾಗಿಲ್ಲ. ಈ ದೇಶದಲ್ಲಿ ಅಕ್ಷರವೇ ಬಹುಕಾಲ ಕೆಲವರ ಗುಪ್ತ ಸಂಘವಾಗಿತ್ತು. ಅದರ ಬೇಲಿಯಾಚೆ ನಿಂತವರ ಮಕ್ಕಳು ನಾವು, ಅದೇ ಬೇಲಿಯನ್ನು "ನಮ್ಮ ಪರಂಪರೆ" ಎಂದು ಫಾರ್ವರ್ಡ್ ಮಾಡುತ್ತಿದ್ದೇವೆ!

ಬುದ್ಧರು ಇದನ್ನು ಕೊನೆಯ ದಿನಗಳಲ್ಲಿ ಬಿಡಿಸಿಯೇ ಹೇಳಿದರು. ಮಹಾಪರಿನಿಬ್ಬಾನ ಸುತ್ತದಲ್ಲಿ, ಬೇಲುವ ಗ್ರಾಮದ ಮಳೆಗಾಲದಲ್ಲಿ ಅವರಿಗೆ ಕಾಯಿಲೆಯಾಗುತ್ತದೆ. ಗುಣವಾದ ಮೇಲೆ ಆನಂದರು, ಸಂಘದ ಬಗ್ಗೆ ಏನಾದರೂ ಹೇಳದೆ ಹೋಗುವುದಿಲ್ಲ ಎಂದು ಸಮಾಧಾನವಿತ್ತು ಎನ್ನುತ್ತಾರೆ. ಇನ್ನೇನನ್ನು ನಿರೀಕ್ಷಿಸುತ್ತೀರಿ ಎಂದು ಬುದ್ಧರು ಕೇಳುತ್ತಾರೆ. ಒಳಗಿನವರಿಗೊಂದು ಹೊರಗಿನವರಿಗೊಂದು ಎಂದು ತಾವು ಕಲಿಸಿಲ್ಲ, ಗುರುವಿನ ಬಿಗಿಮುಷ್ಟಿ ತಥಾಗತನಲ್ಲಿಲ್ಲ ಎಂಬುದು ಅವರ ಮಾತಿನ ಸಾರ. ಪಾಲಿಯಲ್ಲಿ ಅದಕ್ಕೆ 'ಆಚರಿಯಮುಟ್ಠಿ' ಎನ್ನುತ್ತಾರೆ. ಗುರು ಮುಷ್ಟಿಯೊಳಗೆ ಕೊನೆಯವರೆಗೂ ಬಚ್ಚಿಟ್ಟುಕೊಳ್ಳುವ ವಿದ್ಯೆ.

ಒಂದು ಮಾತನ್ನು ಮುಚ್ಚಿಡಬಾರದು. ಮುಂದೆ ವಜ್ರಯಾನ ಬೆಳೆದಾಗ ದೀಕ್ಷೆಯಿಲ್ಲದವರಿಗೆ ತೋರಿಸದ ತಂತ್ರಗ್ರಂಥಗಳು ಬೌದ್ಧರಲ್ಲೂ ಬಂದವು. "ಬೌದ್ಧರಲ್ಲಿ ಗುಟ್ಟೇ ಇರಲಿಲ್ಲ" ಎಂದು ನಾನು ಬರೆದರೆ ಅದೂ ಇನ್ನೊಂದು ಫಾರ್ವರ್ಡ್ ಆಗುತ್ತದೆ.

ನಿಜವಾಗಿಯೂ ಗೋಡೆ ಕಟ್ಟಿ ಮುಚ್ಚಿದ ಒಂದು ಬೌದ್ಧ ಗ್ರಂಥ ಭಂಡಾರವೂ ಇದೆ. ಚೀನಾದ ದುನ್‌ಹುವಾಂಗ್ ಗುಹೆಗಳಲ್ಲಿ, ಹನ್ನೊಂದನೇ ಶತಮಾನದ ಮೊದಲ ಭಾಗದಲ್ಲಿ ಮುಚ್ಚಿದ ಒಂದು ಸಣ್ಣ ಕೋಣೆ. 1900ರಲ್ಲಿ ವಾಂಗ್ ಯುವಾನ್‌ಲು ಎಂಬ ದಾವೋ ಪಂಥದ ಸಾಧುವಿನ ಕಣ್ಣಿಗೆ ಬಿತ್ತು. ಒಳಗೆ ಸಾವಿರಾರು ಹಸ್ತಪ್ರತಿ. ಯಾಕೆ ಮುಚ್ಚಿದರು ಎಂಬುದರ ಬಗ್ಗೆ ಇಂದಿಗೂ ವಾದವಿದೆ. ಅಲ್ಲಿ ಸಿಕ್ಕ ಒಂದು ಸುರುಳಿ ವಜ್ರಚ್ಛೇದಿಕಾ ಸೂತ್ರ, ಕ್ರಿ.ಶ. 868ರಲ್ಲಿ ಮುದ್ರಿಸಿದ್ದು. ಇಸವಿ ನಮೂದಾಗಿರುವ ಪೂರ್ತಿ ಮುದ್ರಿತ ಪುಸ್ತಕಗಳಲ್ಲಿ ಜಗತ್ತಿನಲ್ಲೇ ಹಳೆಯದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಕೊನೆಯಲ್ಲಿ ವಾಂಗ್ ಜಿಯೆ ಎಂಬವನು ಬರೆಸಿದ್ದಾನೆ: ತನ್ನ ತಂದೆತಾಯಿಯ ಹೆಸರಿನಲ್ಲಿ, ಎಲ್ಲರಿಗೂ ಉಚಿತವಾಗಿ ಹಂಚಲು ಇದನ್ನು ಮಾಡಿಸಿದೆ ಎಂದು. ಮುಚ್ಚಿದ ಕೋಣೆ ತೆರೆದಾಗಲೂ ಒಳಗೆ ಇದ್ದದ್ದು ಹಂಚುವ ಪುಸ್ತಕವೇ.

ಬಾಬಾಸಾಹೇಬರ ಮಾತು ಬೇರೆ ಹೇಳಬೇಕೆ? ದಾದರಿನ ರಾಜಗೃಹದ ತುಂಬ ಪುಸ್ತಕ ತುಂಬಿಕೊಂಡವರು ಅಲ್ಲಿಗೇ ನಿಲ್ಲಲಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಸಿದ್ಧಾರ್ಥ ಕಾಲೇಜು.

ಕೊನೆಯದಾಗಿ, ಅಶೋಕ ತಾನೇ ಕೊಟ್ಟ ಒಂದು ಪುಸ್ತಕ ಪಟ್ಟಿ. ಇದು ಫಾರ್ವರ್ಡ್ ಅಲ್ಲ, ಕಲ್ಲು. ರಾಜಸ್ಥಾನದ ಬೈರಾಟಿನಲ್ಲಿ 1840ರಲ್ಲಿ ಸಿಕ್ಕಿತು, ಈಗ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿದೆ. ಸಂಘವನ್ನು ಉದ್ದೇಶಿಸಿ ಬರೆಸಿದ ಆ ಶಾಸನದಲ್ಲಿ ಏಳು ಧಮ್ಮಪಾಠಗಳ ಹೆಸರಿದೆ. ಒಂಬತ್ತಲ್ಲ, ಏಳು. ಭಿಕ್ಖು, ಭಿಕ್ಖುಣಿಯರು ಇವನ್ನು ಮತ್ತೆಮತ್ತೆ ಕೇಳಿ ಮನನ ಮಾಡಲಿ, ಉಪಾಸಕ ಉಪಾಸಿಕೆಯರೂ ಹಾಗೆಯೇ ಮಾಡಲಿ ಎಂಬುದು ಅವನ ಆಸೆ. ಹೆಂಗಸರನ್ನು ಎರಡೂ ಕಡೆ ಹೆಸರಿಟ್ಟು ಸೇರಿಸಿದ್ದಾನೆ, ಗಮನಿಸಿ. ಪಟ್ಟಿಯ ಏಳನೆಯದು ರಾಹುಲನಿಗೆ ಬುದ್ಧರು ಹೇಳಿದ ಪಾಠ. ಯಾವ ವಿಷಯದ್ದು ಎಂದು ಶಾಸನವೇ ಬಿಡಿಸಿ ಹೇಳುತ್ತದೆ: ಸುಳ್ಳಿನ ವಿಷಯದ್ದು.

ಇದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ಅಶೋಕನ ಹೆಸರಲ್ಲಿ ನಾನು ಹಂಚಿದ್ದು ಒಂದು ಸುಳ್ಳನ್ನು, ಅಶೋಕ ನಮ್ಮನ್ನು ಓದಿ ಎಂದು ಕೇಳಿಕೊಂಡದ್ದು ಸುಳ್ಳಿನ ಬಗೆಗಿನ ಪಾಠವನ್ನು. 22 ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳೆನು ಎಂಬುದಿದೆ, ಅದನ್ನು ನಾನು ಎದ್ದು ನಿಂತು ಕೈ ಮುಂದೆ ಮಾಡಿ ಹೇಳಿದವನು. ಆ ಸುತ್ತದಲ್ಲಿ ರಾಹುಲ ಬುದ್ಧರಿಗೆ ಕಾಲು ತೊಳೆಯಲು ನೀರಿಡುತ್ತಾನೆ. ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ಬುದ್ಧರು ತೋರಿಸುತ್ತಾರೆ: ಬೇಕೆಂದೇ ಸುಳ್ಳಾಡಿ ನಾಚದವನ ಶ್ರಮಣತನ ಇಷ್ಟೇ. ಆಮೇಲೆ ಆ ನೀರನ್ನೂ ಚೆಲ್ಲುತ್ತಾರೆ, ಪಾತ್ರೆ ಬೋರಲು ಹಾಕುತ್ತಾರೆ, ಮತ್ತೆ ಎತ್ತಿ ಖಾಲಿಯನ್ನು ತೋರಿಸುತ್ತಾರೆ. ಮುಂದೆ ಕನ್ನಡಿಯ ಮಾತು: ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ನಾನು ಬೇಕೆಂದೇ ಸುಳ್ಳಾಡಿರಲಿಲ್ಲ, ನಿಜ. ಆದರೆ ಮೂರರಲ್ಲಿ ಒಂದು ಸಲವೂ ನೋಡಿಕೊಂಡಿರಲಿಲ್ಲ.

ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಕಳೆದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅಲ್ಲೇ ನಿಂತು, "ಅವತ್ತು ನಾನು ಹೇಳಿದ್ದು ತಪ್ಪಮ್ಮ" ಎಂದು ಒಂಬತ್ತು ಥೇರರ ಕತೆ ಹೇಳಿದೆ. ಅರ್ಧಕ್ಕೆ ಬಸ್ ಬಂತು. ಹತ್ತಿ ಕಿಟಕಿಯಿಂದ ಕೂಗಿ ಕೇಳಿದಳು: "ಸಾರ್, ಮಸ್ಕಿಗೆ ಇಲ್ಲಿಂದ ಎಷ್ಟು ದೂರ?"

ಭಾನುವಾರದ ಅಧ್ಯಯನಕ್ಕೆ ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತ ಇಟ್ಟುಕೊಂಡಿದ್ದೇವೆ. ಓದಲು ಬಾರದ ಹಿರಿಯರನ್ನು ಮುಂದಿನ ಸಾಲಿಗೆ ಕರೆತನ್ನಿ, ಗಟ್ಟಿಯಾಗಿ ಓದುವ ಸರದಿ ಈ ಸಲ ಮಕ್ಕಳದು. ಯಾರಾದರೂ ಒಂದು ತಂಬಿಗೆ ತನ್ನಿ, ನೀರು ವಿಹಾರದಲ್ಲಿದೆ. ಮಸ್ಕಿಗೆ ಬರುವವರು ಹೆಸರು ಕೊಡಿ, ಗಾಡಿ ಮಾತಾಡಬೇಕು.

ಜೈ ಭೀಮ್.