ಧ್ವನಿಮುದ್ರಿಕೆಗಳನ್ನು ಒರೆಗೆ ಹಚ್ಚುವುದು ಹೇಗೆ?

ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿಯ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿಯವರೆಗೆ, ನೂರು ವರ್ಷಗಳಿಗೂ ಮೀರಿ, ಮೂರು ಕಿಲೋಮೀಟರಿಗೂ ಆಳದಿಂದಲೂ ಅದಿರು ಮೇಲೆ ಬರುತ್ತಿತ್ತು. ಆ ಕಲ್ಲಿನಲ್ಲಿ ಚಿನ್ನವೆಷ್ಟಿದೆ ಎಂಬುದನ್ನು ಹೊಳಪು ನೋಡಿ ಹೇಳುವಂತಿಲ್ಲ, ಹೊಳೆಯುವುದೆಲ್ಲ ಚಿನ್ನವಲ್ಲ. ಚಿನ್ನದ ಗಣಿಗಳಲ್ಲಿ ಅನುಸರಿಸುವ ಪರೀಕ್ಷಾಕ್ರಮವೇ ಬೇರೆ. ಕಲ್ಲನ್ನು ನುಣ್ಣಗೆ ಪುಡಿಮಾಡಿ, ನಿಯತವಾದ ತೂಕದಷ್ಟನ್ನು ತೆಗೆದುಕೊಂಡು, ಸೀಸದ ಆಕ್ಸೈಡು, ಸೋಡಾ, ಬಿಳಿಗಾರ ಮೊದಲಾದುವನ್ನು ಬೆರೆಸಿ ಮೂಸೆಯಲ್ಲಿ ಕರಗಿಸುತ್ತಾರೆ. ಕರಗಿದ ಸೀಸವು ಚಿನ್ನವನ್ನು ತನ್ನೊಳಗೆ ಸೆಳೆದುಕೊಂಡು ತಳಕ್ಕಿಳಿಯುತ್ತದೆ. ಬಳಿಕ ಮೂಳೆಯ ಬೂದಿಯ ಬಟ್ಟಲಿನಲ್ಲಿ ಕಾಯಿಸಿದಾಗ ಸೀಸ ಇಂಗಿಹೋಗಿ ಚಿಕ್ಕ ಮಣಿಯೊಂದು ಉಳಿಯುತ್ತದೆ. ಅದರೊಳಗಿನ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಿಂದ ಕಳೆದು, ಉಳಿದುದನ್ನು ತೂಗಬೇಕು. ಎರಡು ಮಾದರಿಗಳನ್ನು ಹೋಲಿಸುವಾಗ ತೂಕವೂ ಒಂದೇ, ಕುಲುಮೆಯೂ ಒಂದೇ, ಕ್ರಮವೂ ಒಂದೇ ಆಗಿರಬೇಕು. ಇಲ್ಲವಾದರೆ ಕಂಡ ವ್ಯತ್ಯಾಸ ಕಲ್ಲಿನದೋ ಕುಲುಮೆಯದೋ ತಿಳಿಯದು.

ಸಂಗೀತದ ಮುದ್ರಿಕೆಗಳನ್ನು ಹೋಲಿಸುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಾನ್ಸರ್ಟೊ ಎಂಬ ರಚನೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸೋಣ.

ಕಾನ್ಸರ್ಟೊ ಎಂದರೇನು?

ಪಿಯಾನೊ, ಪಿಟೀಲು ಮುಂತಾದ ಒಂದು ವಾದ್ಯವು ಇಡೀ ವಾದ್ಯವೃಂದದೊಡನೆ ನಡೆಸುವ ಸಂವಾದವೇ ಕಾನ್ಸರ್ಟೊ. ಸಾಮಾನ್ಯವಾಗಿ ಇದರಲ್ಲಿ ಮೂರು ಭಾಗಗಳು: ಮೊದಲನೆಯದೂ ಕೊನೆಯದೂ ವೇಗವಾದುವು, ನಡುವಿನದು ವಿಳಂಬ ಗತಿಯದು. ನಮ್ಮ ಕಚೇರಿಗಳಲ್ಲಿ ಒಂದೇ ಕೃತಿಯನ್ನು ಇಬ್ಬರು ವಿದ್ವಾಂಸರು ಹಾಡಿದರೆ ಸಂಗತಿಗಳೂ ಕಲ್ಪನಾಸ್ವರಗಳೂ ಬೇರೆಯಾಗುತ್ತವೆ. ಕಾನ್ಸರ್ಟೊದಲ್ಲಾದರೋ ಸ್ವರಗಳೆಲ್ಲ ಬಹುಮಟ್ಟಿಗೆ ಬರೆದಿಟ್ಟವು. ಆದಕಾರಣ ವಾದಕನ ವೈಶಿಷ್ಟ್ಯವು ಗತಿ, ಒತ್ತು, ನಾದದ ಬಣ್ಣ, ವೃಂದದೊಡನೆ ಅವನು ಸಾಧಿಸುವ ಹೊಂದಾಣಿಕೆ ಇಂತಹ ಸೂಕ್ಷ್ಮಗಳಲ್ಲಿ ಅಡಗಿರುತ್ತದೆ. ಯಂತ್ರವು ಕೆಡಿಸಬಹುದಾದುವೂ ಇಂತಹ ಸೂಕ್ಷ್ಮಗಳೇ.

ಮೈಸೂರಿನಿಂದ ಲಂಡನ್ನಿಗೆ

ಇದು ನಮಗೆ ಸಂಬಂಧಿಸದ ಪರದೇಶದ ವಿಷಯವೆಂದು ವಾಚಕರು ತಿಳಿಯಬಾರದು. ಕೋಲಾರದ ಗಣಿಗಳು ಮೈಸೂರು ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಅದರ ಕೊನೆಯ ಅರಸರಾದ ಜಯಚಾಮರಾಜ ಒಡೆಯರು (1919–1974) ನಮ್ಮ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು; ಪಿಯಾನೊವನ್ನೂ ಅಭ್ಯಾಸ ಮಾಡಿದವರು. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರನ ಕೃತಿಗಳನ್ನು ಅವರು ಬಹುವಾಗಿ ಮೆಚ್ಚಿದ್ದರು. ಮೆಟ್ನರ್ ಆಗ ವೃದ್ಧ, ಹೃದ್ರೋಗಿ. ಅವನ ಸಂಗೀತವನ್ನು ಕೇಳುವವರು ವಿರಳ. ಮಹಾರಾಜರ ಧನಸಹಾಯದಿಂದ ಅವನ ಕೃತಿಗಳ ಮುದ್ರಣ ನಡೆಯಿತು. 1947ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ಅವನು ತನ್ನ ಮೂರು ಪಿಯಾನೊ ಕಾನ್ಸರ್ಟೊಗಳನ್ನೂ ತಾನೇ ನುಡಿಸಿದನು. ಮೂರನೆಯದನ್ನು ಅವನು ಮಹಾರಾಜರಿಗೇ ಅರ್ಪಿಸಿದ್ದಾನೆ. 1951ರಲ್ಲಿ ಅವನು ತೀರಿಕೊಂಡನು.

ನಾಲ್ಕು ವರ್ಷ ತಡವಾಗಿದ್ದರೆ ಆ ಕೈಗಳ ನಾದ ನಮಗೆ ದೊರೆಯುತ್ತಿರಲಿಲ್ಲ. 1990ರ ದಶಕದಲ್ಲಿ ನಿಕೊಲಾಯ್ ದೆಮಿದೆಂಕೊ, ಜೆಫ್ರಿ ಟೋಜರ್ ಮೊದಲಾದ ವಾದಕರು ಇವೇ ಕೃತಿಗಳನ್ನು ಹೊಸ ಉಪಕರಣಗಳಿಂದ ಮುದ್ರಿಸಿದರು. ಹಳೆಯದನ್ನೂ ಹೊಸದನ್ನೂ ಒಂದರ ಬಳಿಕ ಒಂದು ಕೇಳಿದ ವಿದ್ಯಾರ್ಥಿಯು ಹಳೆಯದು ಮಂಕು, ಹೊಸದು ಉಜ್ಜ್ವಲ ಎಂದು ಕೂಡಲೇ ತೀರ್ಪು ಕೊಟ್ಟಾನು. ಆದರೆ ಮಂಕಾದದ್ದು ಮೆಟ್ನರನ ವಾದನವೋ ಅಥವಾ 1947ರ ತಟ್ಟೆಯೋ?

ಯಂತ್ರದ ಪಾಲು

ಪಿಯಾನೊದ ಅತ್ಯಂತ ಕೆಳಗಿನ ಸ್ವರದ ಕಂಪನಗಳು ಸೆಕೆಂಡಿಗೆ 27.5, ಅತ್ಯಂತ ಮೇಲಿನದು ಸುಮಾರು 4,186. ಪ್ರತಿ ಸ್ವರದೊಡನೆ ಅದಕ್ಕಿಂತ ಎತ್ತರದ ಉಪಸ್ವರಗಳೂ ಹುಟ್ಟುತ್ತವೆ. ನಾದಕ್ಕೆ ಬಣ್ಣವನ್ನೂ ಹೊಳಪನ್ನೂ ಕೊಡುವುವು ಅವೇ. 1925ರಲ್ಲಿ ವಿದ್ಯುತ್ ಮುದ್ರಣ ಬರುವುದಕ್ಕೆ ಮುಂಚೆ, ಕಹಳೆಯೊಂದರ ಮುಂದೆ ನುಡಿಸಿದ ಸಂಗೀತದಲ್ಲಿ ಸುಮಾರು 2,000 ಕಂಪನಗಳಿಗೆ ಮೇಲ್ಪಟ್ಟುದು ಬಹಳ ಮಟ್ಟಿಗೆ ನಷ್ಟವಾಗುತ್ತಿತ್ತು. ವಿದ್ಯುತ್ತಿನ ಮೈಕ್ರೊಫೋನು ಈ ಮಿತಿಯನ್ನು ಎರಡರಷ್ಟಕ್ಕೂ ಮಿಗಿಲಾಗಿ ಹೆಚ್ಚಿಸಿತು. ಮುಂದಿನ ದಶಕಗಳಲ್ಲಿ ಅದು ಇನ್ನೂ ಮೇಲೇರಿತು. ಹಳೆಯ ಮುದ್ರಿಕೆಯ ಮಂಕುತನಕ್ಕೆ ಹೀಗೆ ಕಳೆದುಹೋದ ಉಪಸ್ವರಗಳೇ ಮುಖ್ಯ ಕಾರಣ. ಅದನ್ನು ವಾದಕನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಎರಡನೆಯದು ತಟ್ಟೆಯ ಅಳತೆ. ನಿಮಿಷಕ್ಕೆ 78 ಸುತ್ತು ತಿರುಗುವ ದೊಡ್ಡ ತಟ್ಟೆಯ ಒಂದು ಪಾರ್ಶ್ವದಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಸುತ್ತಿತ್ತು. ಅರ್ಧ ಗಂಟೆಯ ಕಾನ್ಸರ್ಟೊವನ್ನು ತುಂಡುತುಂಡಾಗಿ ನುಡಿಸಬೇಕಾಗುತ್ತಿತ್ತು. 1948ರಲ್ಲಿ ದೀರ್ಘಾವಧಿಯ ತಟ್ಟೆ ಬಂದ ಮೇಲೆ ಈ ತೊಂದರೆ ತಪ್ಪಿತು.

ಮೂರನೆಯದು ವೇಗ. 78 ಸುತ್ತಿನ ತಟ್ಟೆಯನ್ನು 75 ಸುತ್ತಿನಲ್ಲಿ ತಿರುಗಿಸಿದರೆ, 440 ಕಂಪನಗಳ ಸ್ವರವು 423ಕ್ಕೆ ಇಳಿಯುತ್ತದೆ. ನಾಲ್ಕು ನಿಮಿಷಗಳ ಸಂಗೀತವು 4 ನಿಮಿಷ 10 ಸೆಕೆಂಡು ಆಗುತ್ತದೆ. ಶ್ರುತಿಯೂ ಕಾಲವೂ ಒಂದೇ ಪ್ರಮಾಣದಲ್ಲಿ ವ್ಯತ್ಯಾಸವಾಗುವುದನ್ನು ಗಮನಿಸಿರಿ. ಶ್ರುತಿ ಸ್ಥಿರವಾಗಿದ್ದು ಕಾಲ ಮಾತ್ರ ಬದಲಾಗಿದ್ದರೆ ಅದು ವಾದಕನ ಇಚ್ಛೆ. ಎರಡೂ ಕೂಡಿ ಬದಲಾಗಿದ್ದರೆ ಯಂತ್ರದ ಮೇಲೆ ಸಂಶಯಪಡಬೇಕು. ಬೇರೆ ಬೇರೆ ವಾದ್ಯವೃಂದಗಳ ಶ್ರುತಿಯಲ್ಲಿ ಸ್ವಲ್ಪ ಭೇದವಿರುವುದರಿಂದ, ಅತ್ಯಲ್ಪ ವ್ಯತ್ಯಾಸವನ್ನು ದೊಡ್ಡದು ಮಾಡಬಾರದು.

ಒಂದು ನಿದರ್ಶನವನ್ನು ನೋಡೋಣ. ಮೆಟ್ನರನು ತನ್ನ ಎರಡನೆಯ ಕಾನ್ಸರ್ಟೊವನ್ನು ಸ್ನೇಹಿತನಾದ ರಾಖ್ಮಾನಿನೊವನಿಗೆ ಅರ್ಪಿಸಿದನು. ಆ ರಾಖ್ಮಾನಿನೊವ್ ತನ್ನದೇ ಎರಡನೆಯ ಕಾನ್ಸರ್ಟೊವನ್ನು 1929ರಲ್ಲಿ ಮುದ್ರಿಸಿದಾಗ ಅದರ ಮೊದಲ ಭಾಗಕ್ಕೆ 10 ನಿಮಿಷಗಳಿಗೆ ತುಸು ಕಡಿಮೆ ಹಿಡಿಯಿತು. 1959ರಲ್ಲಿ ರಿಖ್ಟರ್ ಅದನ್ನೇ 11 ನಿಮಿಷಗಳಿಗೆ ತುಸು ಮಿಕ್ಕು ನುಡಿಸಿದನು. ವ್ಯತ್ಯಾಸ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಇದು ಕೇವಲ ಯಂತ್ರದ ದೋಷವಾಗಿದ್ದಲ್ಲಿ ಶ್ರುತಿಯಲ್ಲಿ ಒಂದು ಅರ್ಧಸ್ವರಕ್ಕಿಂತ ಹೆಚ್ಚಿನ ಅಂತರ ಕಾಣಬೇಕಾಗಿತ್ತು, ಏಕೆಂದರೆ ಅರ್ಧಸ್ವರವೆಂದರೆ ನೂರಕ್ಕೆ ಸುಮಾರು ಆರು. ಅಷ್ಟು ಅಂತರ ಕಾಣದಿರುವುದರಿಂದ, ಇದು ಇಬ್ಬರು ಕಲಾವಿದರ ನಿಜವಾದ ಭಿನ್ನಾಭಿಪ್ರಾಯ. ಇಂತಹುದನ್ನೇ ನಾವು ಹುಡುಕಬೇಕಾದದ್ದು.

ಕಿವಿಯ ಪಾಲು

ಯಂತ್ರವಷ್ಟೇ ಅಲ್ಲ, ಕಿವಿಯೂ ಮೋಸಹೋಗುತ್ತದೆ. ಒಂದೇ ಮುದ್ರಿಕೆಯನ್ನು ಎರಡು ಸಲ ಕೇಳಿಸಿ, ಎರಡನೆಯ ಸಲ ಸದ್ದನ್ನು ಕೊಂಚ ಏರಿಸಿದರೆ, ಅನೇಕರು ಎರಡನೆಯದೇ ಉತ್ತಮವೆನ್ನುತ್ತಾರೆ. ಸದ್ದು ತಗ್ಗಿದಾಗ ಮಂದ್ರಸ್ವರಗಳು ನಮ್ಮ ಕಿವಿಗೆ ಇತರ ಸ್ವರಗಳಿಗಿಂತ ಹೆಚ್ಚಾಗಿ ಕ್ಷೀಣಿಸುವುದೇ ಇದಕ್ಕೆ ಒಂದು ಕಾರಣ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಅಳೆದು ತೋರಿಸಿದರು. ಸುತ್ತಲಿನ ಗದ್ದಲವೂ ಲೆಕ್ಕಕ್ಕೆ ಬರುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಹೋಗುವ ರೈಲಿನಲ್ಲಿ ಕುಳಿತು ಮೊಬೈಲಿನಲ್ಲಿ ಕಾನ್ಸರ್ಟೊ ಕೇಳುವವನಿಗೆ ನಡುವಿನ ಭಾಗದ ಮೃದುವಾದ ನುಡಿಗಳು ಗಾಲಿಗಳ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಅವನ ಪಾಲಿಗೆ ಸದಾ ಜೋರಾಗಿ ನುಡಿಸುವವನೇ ಶ್ರೇಷ್ಠ ವಾದಕ! ಇವೆಲ್ಲಕ್ಕಿಂತ ಮಿಗಿಲಾದುದು ಹೆಸರಿನ ಪ್ರಭಾವ. ಪ್ರಸಿದ್ಧರ ಹೆಸರು ಕೇಳಿದೊಡನೆ ನಮ್ಮ ತೀರ್ಪು ಅತ್ತ ವಾಲುತ್ತದೆ.

ಮಾಡಿ ನೋಡಿರಿ

1. ಒಂದೇ ಕಾನ್ಸರ್ಟೊದ ಎರಡು ಮುದ್ರಿಕೆಗಳಿಂದ ಒಂದೇ ಎರಡು ನಿಮಿಷಗಳ ಭಾಗವನ್ನು ಆರಿಸಿಕೊಳ್ಳಿರಿ. ಅದರಲ್ಲಿ ಪಿಯಾನೊವೂ ವೃಂದವೂ ಎರಡೂ ಇರಲಿ.

2. ನಿಶ್ಶಬ್ದವಾದ ಕೋಣೆಯಲ್ಲಿ ಒಂದೇ ಉಪಕರಣದಿಂದ ಕೇಳಿರಿ. ಎರಡರ ಸದ್ದು ಕಿವಿಗೆ ಸಮವೆನಿಸುವಂತೆ ಹೊಂದಿಸಿಕೊಳ್ಳಿರಿ. ಗುಂಡಿ ಒಂದೇ ಗುರುತಿನಲ್ಲಿದ್ದ ಮಾತ್ರಕ್ಕೆ ಸದ್ದು ಸಮವೆಂದಲ್ಲ.

3. ಸ್ನೇಹಿತನೊಬ್ಬನು ಹೆಸರು ಹೇಳದೆ, ನಾಣ್ಯ ಚಿಮ್ಮಿ ಆರಿಸಿದ ಒಂದು ಮುದ್ರಿಕೆಯನ್ನು ಪ್ರತಿಸಲ ಕೇಳಿಸಲಿ. ಅದು ಯಾವುದೆಂದು ನೀವು ಬರೆದಿಡಿರಿ. ಆರು ಸಲವೂ ಬರಿಯ ಊಹೆಯಿಂದ ಸರಿಯಾಗುವ ಸಂಭವ 64ರಲ್ಲಿ ಒಂದು ಮಾತ್ರ.

4. ಗತಿ ಎಲ್ಲಿ ನಿಧಾನಿಸಿತು, ವೃಂದವು ಪಿಯಾನೊಗೆ ಎಲ್ಲಿ ದಾರಿ ಬಿಟ್ಟಿತು, ಯಾವ ಸ್ವರಕ್ಕೆ ಒತ್ತು ಬಿತ್ತು ಎಂಬುದನ್ನು ಬರೆಯಿರಿ. ಯಾವುದು ಮೇಲು ಎಂಬ ಮಾತು ಕೊನೆಗಿರಲಿ.

ಈ ಕ್ರಮವನ್ನು ಅನುಸರಿಸಿದರೆ 1947ರ ಮುದ್ರಿಕೆಯಲ್ಲಿ ಮಂಕಾದ ನಾದದ ಹಿಂದೆ ರಚನಕಾರನ ಗತಿಯೂ ಒತ್ತೂ ಕೇಳಿಸತೊಡಗುತ್ತವೆ. ಅವನ ವಾದನವೇ ಕೊನೆಯ ಮಾತೆಂದು ಭಾವಿಸಬೇಕಾಗಿಲ್ಲ. ತರುವಾಯದ ವಾದಕರು ಕಂಡ ಅರ್ಥಕ್ಕೂ ಬೆಲೆಯುಂಟು. ಆದರೆ ಕಲ್ಲು ಮಂಕಾಗಿದೆಯೆಂಬ ಒಂದೇ ಕಾರಣದಿಂದ ಅದನ್ನು ಪರೀಕ್ಷಿಸದೆ ಎಸೆದಿದ್ದರೆ, ಕೋಲಾರದ ನೆಲದಿಂದ ಒಂದು ಗುಂಜಿ ಚಿನ್ನವೂ ದೊರೆಯುತ್ತಿರಲಿಲ್ಲ.