ಪಾಲುಪಟ್ಟಿಯ ಬೀರು

ಮಲೆನಾಡಿನ ಹಳೆಮನೆಗಳು ಪಾಲಾಗುವಾಗ ದೊಡ್ಡ ಬೀರು, ಚಪ್ಪರದ ಮಂಚಗಳಿಗೆ ಈಗಲೂ ಭಾರಿ ಬೆಲೆ ಕಟ್ಟುತ್ತಾರೆ. ಪೇಟೆಯಲ್ಲಿ ಆ ಬೆಲೆಗೆ ಕೊಳ್ಳುವವರಿಲ್ಲ.

ನನ್ನ ತವರಿನ ಪಾಲುಪಟ್ಟಿಯಲ್ಲಿ ಏಳಡಿ ಎತ್ತರದ ಸಾಗುವಾನಿ ಬೀರುವಿಗೆ 80 ಸಾವಿರ ರೂಪಾಯಿ ಬರೆದರು. ಬೀರು ನನಗೆ ಬಂತು, ನಗದಿನಲ್ಲಿ ಅಷ್ಟು ಕಡಿತವಾಯಿತು. ನಮ್ಮ ಬೆಂಗಳೂರಿನ ಫ್ಲ್ಯಾಟಿನ ಲಿಫ್ಟಿನಲ್ಲಿ ಅದು ಹಿಡಿಯದು, ಮೆಟ್ಟಿಲ ತಿರುವಿನಲ್ಲಿ ಹೊರಳದು. ಮಾರೋಣವೆಂದು ಹಳೇ ಸಾಮಾನಿನ ವ್ಯಾಪಾರಿಯನ್ನು ಕರೆಸಿದೆ. ಅವರು ಹಿಂಬದಿಯ ಹಲಗೆಯನ್ನು ಉಗುರಿನಿಂದ ಕೆರೆದರು, ಗೆದ್ದಲಿದೆಯೇ ಎಂದು ಬುಡ ತಟ್ಟಿದರು, ಟೇಪು ಹಿಡಿದು ಘನ ಅಡಿ ಲೆಕ್ಕ ಹಾಕಿದರು. ನೆತ್ತಿಯ ಮೇಲಿನ ಜೋಡಿ ನವಿಲಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. “ಕೆತ್ತನೆಗೆ ಗಿರಾಕಿ ಇಲ್ಲಮ್ಮ. ಮರಕ್ಕೆ ಕೊಡ್ತೀನಿ, 22 ಸಾವಿರ.” ಸಾಗಣೆಯೂ ಅದರಲ್ಲೇ ಮುರಿಯಬೇಕಂತೆ.

ನನಗೆ ಸಂಕಟವಾಯಿತು, ಆದರೆ ಅವರ ಲೆಕ್ಕ ಸುಳ್ಳಲ್ಲ. ಹೊಸ ಮನೆಗಳಲ್ಲಿ ಗೋಡೆಗೇ ವಾರ್ಡ್‌ರೋಬ್ ಕೂಡಿಸಿರುತ್ತಾರೆ. ಬಾಡಿಗೆ ಮನೆ ಬದಲಿಸುವ ಮಕ್ಕಳಿಗೆ ಬಿಚ್ಚಿ ಕಟ್ಟುವ ಸಾಮಾನೇ ಅನುಕೂಲ. ಇಂಗ್ಲೆಂಡಿನಲ್ಲೂ ಹಳೆಯ ಕಂದು ಮರದ ದೊಡ್ಡ ಸಾಮಾನಿನ ಬೆಲೆ ಈ ಶತಮಾನದಲ್ಲಿ ಕುಸಿದಿದೆ. ನಮ್ಮಲ್ಲಿ ಹೊರದೇಶದ ಗಿರಾಕಿಯ ದಾರಿಯೂ ಕಿರಿದು: ನೂರು ವರ್ಷ ದಾಟಿದ ಪುರಾವಸ್ತುವನ್ನು 1972ರ ಕಾಯ್ದೆಯಂತೆ ಖಾಸಗಿಯವರು ರಫ್ತು ಮಾಡುವಂತಿಲ್ಲ. ಬೀಟೆಯಾದರೆ 2017ರಿಂದ ಅಳಿವಿನಂಚಿನ ಜೀವಿ, ಸಸ್ಯಗಳ ವ್ಯಾಪಾರದ ಸೈಟಿಸ್ ಒಪ್ಪಂದದ ಕಾಗದಪತ್ರವೂ ಬೇಕು.

ಚಿಕ್ಕ ಸಾಮಾನಿನ ಮಾತು ಬೇರೆ. ಅದೇ ವ್ಯಾಪಾರಿ ನಮ್ಮ ಇಳಿಜಾರು ಮುಚ್ಚಳದ ಲೆಕ್ಕದ ಪೆಟ್ಟಿಗೆಯನ್ನೂ ಆರಾಮ ಕುರ್ಚಿಯನ್ನೂ ಚೌಕಾಸಿಯಿಲ್ಲದೆ ಕೇಳಿದರು. ಫ್ಲ್ಯಾಟಿನ ಮೂಲೆಯಲ್ಲಿ ಅವಕ್ಕೆ ಜಾಗವಿದೆ.

ಬೀರು ಕೊಡಲಿಲ್ಲ. ಮರದ ಗೂಟ ಬಡಿದು ಕೂಡಿಸಿದ್ದರಿಂದ ಊರಿನ ಆಚಾರ್ರು ಅದನ್ನು ಬಿಡಿಭಾಗ ಮಾಡಿಕೊಟ್ಟರು. ಫ್ಲ್ಯಾಟಿನಲ್ಲಿ ಮತ್ತೆ ಜೋಡಿಸಿದೆವು, ಈಗ ನಮ್ಮ ಬಟ್ಟೆಯೆಲ್ಲ ಅದರಲ್ಲಿದೆ. ಅಷ್ಟು ದಪ್ಪದ ಹಲಗೆಯ ಹೊಸ ಬೀರು ಮಾಡಿಸಲು 22 ಸಾವಿರ ಎಲ್ಲಿಗೂ ಸಾಲದು. ಬಳಸುವವರಿಗೆ ಲಾಭ, ಮಾರುವವರಿಗೆ ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ. ಹೂಡಿಕೆಯೆಂದು ಮಾತ್ರ ಯಾರೂ ಕೊಳ್ಳಬೇಡಿ.

ಮಾರಲೇಬೇಕಾದವರಿಗೆ ಒಂದು ಸಮಾಧಾನವಿದೆ: ಸ್ವಂತ ಬಳಕೆಯ ಪೀಠೋಪಕರಣವನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿಯೆಂದು ಎಣಿಸುವುದಿಲ್ಲ, ಹಾಗಾಗಿ ಬಂಡವಾಳ ಗಳಿಕೆ ತೆರಿಗೆ ಬೀಳದು. ಕಲಾಕೃತಿಗೆ ಈ ವಿನಾಯಿತಿ ಇಲ್ಲ.

ನಿಮ್ಮ ಮನೆಯಲ್ಲಿ ಪಾಲಿನ ಮಾತು ಬಂದಿದ್ದರೆ, ಪಟ್ಟಿಗೆ ಸಹಿ ಬೀಳುವ ಮೊದಲೇ ಇಬ್ಬರು ವ್ಯಾಪಾರಿಗಳನ್ನು ಕರೆಸಿ, ಅವರು ಹೇಳಿದ ಬೆಲೆಯನ್ನೇ ಬರೆಯಿಸಿ.