ಕಡತಗಳು ತಡವಾಗಿ ತೆರೆದರೆ
ಮನೆಯ ಕಂಪ್ಯೂಟರಿನಲ್ಲಿ ಫೈಲ್ ಎಕ್ಸ್‌ಪ್ಲೋರರ್ ನಿಧಾನವಾದೊಡನೆ ಹೊಸ ಯಂತ್ರವನ್ನು ಕೊಳ್ಳಹೊರಡುವುದು ಉಚಿತವಲ್ಲ. ಮೊದಲು ದೋಷದ ನೆಲೆಯನ್ನು ಅರಿಯೋಣ.

ಡೌನ್‌ಲೋಡ್ಸ್‌ನಂತಹ ಒಂದೇ ಫೋಲ್ಡರು ತಡೆದು ತೆರೆಯುವುದಾದರೆ, ವಿಂಡೋಸ್ ಅದನ್ನು ಚಿತ್ರಗಳ ಫೋಲ್ಡರೆಂದು ಬಗೆದು ಪ್ರತಿಯೊಂದು ಕಡತದ ವಿವರವನ್ನೂ ಓದುತ್ತಿರಬಹುದು. ಆಗ ಪ್ರಾಪರ್ಟೀಸ್‌ನ ಕಸ್ಟಮೈಸ್ ವಿಭಾಗದಲ್ಲಿ ‘ಜನರಲ್ ಐಟಮ್ಸ್’ ಎಂಬುದನ್ನು ಆರಿಸತಕ್ಕದ್ದು.

ಎಲ್ಲ ಫೋಲ್ಡರುಗಳೂ ನಿಧಾನವೇ? ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಕ್ಲಿಯರ್’ ಒತ್ತಿ ಹಿಂದಿನ ಬಳಕೆಯ ಪಟ್ಟಿಯನ್ನು ಅಳಿಸಿರಿ. ಇದರಿಂದ ಕಡತಗಳು ಅಳಿಯವು. ಸಂಪರ್ಕವಿಲ್ಲದ ನೆಟ್‌ವರ್ಕ್ ಡ್ರೈವ್‌ಗಳಿದ್ದರೆ ಅವುಗಳನ್ನೂ ತೆಗೆಯಿರಿ. ಅವುಗಳ ಉತ್ತರಕ್ಕಾಗಿ ಯಂತ್ರವು ಕಾಯುತ್ತಿರುತ್ತದೆ.

ಹಾರ್ಡ್ ಡಿಸ್ಕಿನಿಂದ ಕಟಕಟ ಸದ್ದು ಕೇಳಿಬಂದರೆ ಮಾತ್ರ ಯಾವ ಪ್ರಯೋಗವೂ ಬೇಡ. ಮಕ್ಕಳ ಅಂಕಪಟ್ಟಿ, ಪ್ರಮಾಣಪತ್ರ, ಕುಟುಂಬದ ಚಿತ್ರಗಳನ್ನು ಕೂಡಲೇ ಬೇರೆಡೆಗೆ ನಕಲು ಮಾಡಿಕೊಳ್ಳಬೇಕೆಂದು ಪೋಷಕರಲ್ಲಿ ನಾವು ಅರಿಕೆ ಮಾಡುತ್ತೇವೆ. ಡಿಸ್ಕು ಪೂರ್ತಿ ಕೆಟ್ಟ ಮೇಲೆ ಅವು ದೊರೆಯುವುದು ಬಲು ಕಷ್ಟ.